ಎರಡು ಬಾಗಿಲು, ಒಂದು ಕಲ್ಲಂಗಡಿ

ಎಡಗೈಯನ್ನು ಬೆನ್ನ ಹಿಂದೆ ಮಡಿಸಿಕೊಂಡು ನಿಲ್ಲುವುದರಲ್ಲಿ ಒಂದು ಅನುಕೂಲವಿದೆ, ಆ ಕೈ ನಡುಗಿದರೆ ಹಿಂದಿನ ಗೋಡೆಗೆ ಮಾತ್ರ ಗೊತ್ತಾಗುತ್ತದೆ ಎನ್ನುವುದು ಕಿಯೋನಾಗೆ ಹೊಳೆದದ್ದು ಆ ಮುದುಕ ಮೌಂಟ್ ನೆಬೊ ಚರ್ಚಿನ ಬಾಗಿಲು ತಳ್ಳಿಕೊಂಡು ಒಳಗೆ ಬಂದಾಗ. ಆರು ತಿಂಗಳಿಂದ ಪ್ರತಿ ಭಾನುವಾರ ಅವಳು ಹೀಗೇ ನಿಂತಿದ್ದಾಳೆ. ಬಿಳಿ ಲಂಗ, ಬಿಳಿ ಅಂಗಿ, ಬಿಳಿ ಕಾಲುಚೀಲ, ಬಿಳಿ ಕೈಗವಸು. ಬಾಗಿಲ ಸೇವೆಗೆ ನಿಂತವರು ಮಾತಾಡಬಾರದು, ನಗಬಾರದು, ಗೋಡೆಗೆ ಒರಗಬಾರದು, ಯಾರ ಮುಖವನ್ನೂ ಎರಡನೆಯ ಸಲ ನೋಡಬಾರದು. ಮಾತಿಲ್ಲದ ಕೆಲಸ ಎಂದೇ ಅವಳು ಒಪ್ಪಿಕೊಂಡದ್ದು. ಇಲ್ಲಿ ಎಲ್ಲವೂ ಕೈಸನ್ನೆ. ಒಂದು ಬೆರಳು ಎತ್ತಿದರೆ ಒಂದು ಜಾಗ ಖಾಲಿ ಇದೆ, ಮುಷ್ಟಿಯನ್ನು ಎದೆಗೆ ಒತ್ತಿದರೆ ಪ್ರಾರ್ಥನೆ ನಡೆಯುತ್ತಿದೆ, ಯಾರನ್ನೂ ಬಿಡಬೇಡ, ಅಂಗೈ ಬಿಚ್ಚಿದರೆ ಬಿಡು. ಕಿವಿ ಮುಟ್ಟಿಕೊಂಡರೆ ಆ ಸಾಲಿನಲ್ಲಿ ಯಾರೋ ಚ್ಯೂಯಿಂಗ್ ಗಮ್ ಜಗಿಯುತ್ತಿದ್ದಾರೆ. ಈ ಸನ್ನೆಗಳನ್ನೆಲ್ಲ ಎದುರಿನ ಸಾಲಿನ ತುದಿಯಲ್ಲಿ ನಿಂತು ಮಾಡುತ್ತಿದ್ದವಳು ಅವಳ ಅಜ್ಜಿ ವರ್ನೆಲ್ಲಾ ಪ್ರುಯಿಟ್. ಮೂವತ್ತೊಂದು ವರ್ಷದಿಂದ ಬಾಗಿಲ ಸೇವೆಯ ಮುಖ್ಯಸ್ಥೆ. ಅವಳ ಎದೆಯ ಮೇಲಿನ ಹಿತ್ತಾಳೆಯ ಬಿಲ್ಲೆಯಲ್ಲಿ ಮುಖ ನೋಡಿ ಕ್ರಾಪು ತಿದ್ದಿಕೊಳ್ಳಬಹುದಿತ್ತು. ಅಂಥದೇ ಇನ್ನೊಂದು ಬಿಲ್ಲೆ, ಹೊಸದು, ಇವತ್ತು ಆರಾಧನೆಯ ಕೊನೆಗೆ ಎಲ್ಲರ ಮುಂದೆ ಕಿಯೋನಾಳ ಎದೆಗೆ ಏರಬೇಕಿತ್ತು. ಹನ್ನೊಂದನೆಯ ತರಗತಿಯಲ್ಲಿ ಶಾಲೆ ಬಿಟ್ಟವಳಿಗೆ ಪದವಿ ದಿನದ ಟೋಪಿ, ಕರಿಯ ನಿಲುವಂಗಿ, ಸುರುಳಿ ಸುತ್ತಿದ ಕಾಗದ ಯಾವುದೂ ಸಿಕ್ಕಿರಲಿಲ್ಲ. ಅಜ್ಜಿಯ ಮನೆಯ ಗೋಡೆಯಲ್ಲಿ ಅದರ ಫೋಟೋಗೆಂದು ಹೊಡೆದಿದ್ದ ಮೊಳೆ ಹಾಗೇ ಖಾಲಿ ಇತ್ತು.

ಮುದುಕನ ಟೋಪಿಯನ್ನು ಅವಳು ಮೊದಲು ಗುರುತು ಹಿಡಿದಳು. ಕಂದು ಬಣ್ಣದ್ದು, ಪಟ್ಟಿಯಲ್ಲಿ ಒಂದು ಸಣ್ಣ ನೀಲಿ ಗರಿ. ನಿನ್ನೆ ಮಧ್ಯಾಹ್ನ ಆ ಗರಿಯನ್ನೇ ನೋಡುತ್ತ ನಿಂತಿದ್ದಳಲ್ಲ, ಅದರ ಕೆಳಗಿನ ಮುಖ ನೋಡಲಾರದೆ. ಇಡೀ ಡೇಟನ್ ಊರಿನಲ್ಲಿ ನಮ್ಮವರ, ಕರಿಯರ, ಚರ್ಚುಗಳು ಎಷ್ಟಿಲ್ಲ, ಬೀದಿಗೆ ಎರಡರಂತೆ ಇವೆ. ಇವನಿಗೆ ಇದೇ ಬೇಕಾಯಿತೇ ಎಂದು ದೇವರನ್ನು ಕೇಳಿದಳು. ದೇವರು ಸುಮ್ಮನಿದ್ದ. ಅಜ್ಜಿ ಮಾತ್ರ ಎದುರಿನಿಂದ ಒಂದು ಬೆರಳು ಎತ್ತಿದಳು: ಮೂರನೆಯ ಸಾಲು, ಒಂದು ಜಾಗ, ನಿನ್ನ ಕಡೆ. ಅಂದರೆ ಕರೆದುಕೊಂಡು ಹೋಗಬೇಕಾದವಳು ಕಿಯೋನಾಳೇ. ಬಲಗೈಯನ್ನು ಮುಂದೆ ಚಾಚಿ, ಮುಖವನ್ನು ಸಾಧ್ಯವಾದಷ್ಟು ಕಿಟಕಿಯ ಕಡೆ ತಿರುಗಿಸಿ ನಡೆದಳು. ಹಿಂದೆ ಅವನ ಬೂಟು ಕಿರುಗುಟ್ಟುತ್ತಿತ್ತು. ಮೂರನೆಯ ಸಾಲಿನಲ್ಲಿ ಮದರ್ ಅರ್ನೆಸ್ಟೀನ್ ಕೂತಿದ್ದಳು. ಎಂಬತ್ತೇಳರ ಮುದುಕಿ, ಚರ್ಚಿನ ಹಿರಿಯ ತಾಯಿ. ಕರುವನ್ನು ಹಾಕಬಹುದಾದಷ್ಟು ದೊಡ್ಡ ಕೈಚೀಲವನ್ನು ಪಕ್ಕದ ಜಾಗದಲ್ಲಿ ಕೂರಿಸಿಕೊಂಡಿದ್ದವಳು, ಅದನ್ನು ತೊಡೆಯ ಮೇಲೆ ಎಳೆದುಕೊಂಡು, ಹೊಸ ಗಂಡಸನ್ನು ಟೋಪಿಯಿಂದ ಬೂಟಿನ ತನಕ ಓದಿ ಮುಗಿಸಿದಳು. ಮುದುಕ ಕೂತ. ಕೂತು ತಲೆಯೆತ್ತಿ ಕಿಯೋನಾಳನ್ನು ನೋಡಿ, "ಥ್ಯಾಂಕ್ಯೂ ಮಗಳೇ" ಎಂದ. ನಿನ್ನೆ ಬಿಲ್ ವಾಪಸು ಇಸಿದುಕೊಂಡಾಗ ಅಂದದ್ದೂ ಅದೇ ಎರಡು ಮಾತು, ಅದೇ ದನಿ. ಗುರುತು ಸಿಕ್ಕಿತೋ ಇಲ್ಲವೋ ಎಂದು ಆ ಎರಡು ಮಾತಿನಲ್ಲಿ ಹುಡುಕುತ್ತ ತನ್ನ ಜಾಗಕ್ಕೆ ಬರುವಷ್ಟರಲ್ಲಿ ಅವಳ ಕೈಗವಸಿನ ಒಳಗೆ ಬೆವರು ಕೂಡಿತ್ತು.

ನಿನ್ನೆ ಅವಳು ನಿಂತಿದ್ದದ್ದು ಬೇರೆ ಬಾಗಿಲಲ್ಲಿ. ಎರಡು ಬಸ್ಸು ಬದಲಾಯಿಸಿ, ಹುಲ್ಲನ್ನು ಕತ್ತರಿಸಿ ಕಂಬಳಿಯಂತೆ ಹಾಸಿಕೊಂಡ ಮನೆಗಳ ಬಡಾವಣೆ ದಾಟಿದರೆ ಸಿಗುವ ದೊಡ್ಡ ಅಂಗಡಿಯ ಹೊರಬಾಗಿಲು. ಅಲ್ಲಿಯೂ ನಿಲ್ಲುವುದೇ ಕೆಲಸ. ಹೊರಗೆ ಹೋಗುವವರ ಬಿಲ್ ಇಸಿದುಕೊಂಡು, ತಳ್ಳುಗಾಡಿಯ ಕಡೆ ಒಂದು ಕಣ್ಣು ಹಾಯಿಸಿ, ಗುಲಾಬಿ ಬಣ್ಣದ ಪೆನ್ನಿನಿಂದ ಒಂದು ಗೆರೆ ಎಳೆದು ಕೊಡುವುದು. ಎಲ್ಲರದ್ದೂ ನೋಡಬೇಕು ಎಂದು ನಿಯಮ. ಆದರೆ ಜೂನ್ ತಿಂಗಳಲ್ಲಿ ಒಬ್ಬ ಬಿಳಿಯ ಹೆಂಗಸು, "ನನ್ನನ್ನ ಕಳ್ಳಿ ಅಂತಿದೀಯಾ?" ಎಂದು ಅಂಗಡಿಯೇ ಹಾರಿಹೋಗುವಂತೆ ಕೂಗಿದ್ದಳು. ಕಿಯೋನಾ ಅಂದದ್ದು "ಗುಡ್ ಆಫ್ಟರ್‌ನೂನ್" ಮಾತ್ರ. ಮ್ಯಾನೇಜರ್ ಗ್ರೆಗ್ ಓಡಿಬಂದು ಆ ಹೆಂಗಸಿಗೆ ಹೂವಿನ ಕುಂಡವೊಂದನ್ನು ಪುಕ್ಕಟೆ ಕೊಟ್ಟು ಕಳಿಸಿದ. ಆಮೇಲೆ ಕಿಯೋನಾಳನ್ನು ಪಕ್ಕಕ್ಕೆ ಕರೆದು, "ನೋಡು, ಸ್ವಲ್ಪ ಕಣ್ಣು ಉಪಯೋಗಿಸು" ಎಂದ. ಕಣ್ಣು ಉಪಯೋಗಿಸುವುದು ಅಂದರೆ ಏನು ಎಂದು ಅವಳು ಕೇಳಲಿಲ್ಲ, ಅವನು ಹೇಳಲಿಲ್ಲ. ಅದಾಗಿ ಎರಡು ವಾರಕ್ಕೆ ಮತ್ತೆ ಬಂದು, "ನಿಮ್ಮವರು ಬಂದಾಗ ನೀನು ಸ್ವಲ್ಪ ಸಡಿಲ ಬಿಡ್ತೀಯೇನೋ ಅಂತ ಮೇಲಿನವರಿಗೆ ಅನುಮಾನ. ನನಗಲ್ಲ, ಮೇಲಿನವರಿಗೆ. ನನಗೆ ಬಣ್ಣವೇ ಕಾಣಲ್ಲ" ಎಂದ. ಬಣ್ಣವೇ ಕಾಣದ ಗ್ರೆಗ್, ಅವಳು ಒಮ್ಮೆ ಗುಲಾಬಿ ಪೆನ್ನು ಸಿಗದೆ ಹಳದಿ ಪೆನ್ನು ಬಳಸಿದಾಗ ಇಪ್ಪತ್ತು ಗಜ ದೂರದಿಂದ ಕಂಡುಹಿಡಿದಿದ್ದ.

ಹೀಗಾಗಿ ಅವಳ ಕಣ್ಣು ತಾನೇ ಒಂದು ಲೆಕ್ಕ ಕಲಿತುಕೊಂಡಿತು. ಬಿಳಿಯ ಹೆಂಗಸರು ಬಂದರೆ ಆ ಕಣ್ಣಿಗೆ ಛಾವಣಿಯ ಫ್ಯಾನಿನ ಮೇಲೆ ಏನೋ ಆಸಕ್ತಿ ಹುಟ್ಟುತ್ತಿತ್ತು. ನಮ್ಮವರು ಬಂದರೆ ಒಂದೊಂದು ಸಾಮಾನನ್ನೂ ಮುಟ್ಟಿ ಎಣಿಸುತ್ತಿದ್ದಳು, ಮೇಲಿನವರಿಗೆ ಕಾಣಲಿ ಎಂದು. ನಮ್ಮವರು ಕೂಗಾಡುತ್ತಿರಲಿಲ್ಲ. ನಿಟ್ಟುಸಿರು ಬಿಟ್ಟು, "ನಿನ್ನ ಕೆಲಸ ನೀನು ಮಾಡು ಕಂದಾ" ಎನ್ನುತ್ತಿದ್ದರು. ಅವರ ಒಳ್ಳೆಯತನದ ಮೇಲೆ ಕಾಲಿಟ್ಟುಕೊಂಡೇ ಅವಳ ನೌಕರಿ ನಿಂತಿತ್ತು. ನಿನ್ನೆ ಮುದುಕನಿಗಿಂತ ಮುಂದೆ ಒಬ್ಬ ಹೆಂಗಸು, ಗಾಡಿಯಲ್ಲಿ ಗೋಪುರದಷ್ಟು ಸಾಮಾನು, ಅದರ ತುದಿಯಲ್ಲಿ ಒಂದು ನಾಯಿಮರಿ ಬೇರೆ. ಕಿಯೋನಾ ನಾಯಿಮರಿಗೆ ನಕ್ಕು ಬಿಟ್ಟುಬಿಟ್ಟಳು. ಹಿಂದೆಯೇ ನೀಲಿ ಗರಿ. ಗಾಡಿಯಲ್ಲಿ ಟಾಯ್ಲೆಟ್ ಕಾಗದದ ಎರಡು ದೊಡ್ಡ ಕಟ್ಟು, ಒಂದು ಕಾಲೊರೆಸು, ಸೋಪು, ಬ್ರೆಡ್ಡು. ಗ್ರೆಗ್ ಅಲ್ಲೇ ಗಮ್ಮಿನ ಡಬ್ಬಿಗಳನ್ನು ಜೋಡಿಸುವಂತೆ ನಟಿಸುತ್ತಿದ್ದ.

"ಬಿಲ್ ಸ್ವಲ್ಪ ನೋಡಬಹುದಾ ಸರ್?"

ಕೊಟ್ಟ.

"ಕಲ್ಲಂಗಡಿ ಒಂದು ಅಂತಿದೆ ಸರ್."

"ಇರಬೇಕು."

"ಕಾಣ್ತಿಲ್ಲ."

"ಕಾಣಬಾರದು ಅಂತಾನೇ ಇಟ್ಟಿದ್ದು, ಮಗಳೇ," ಎಂದ ಅವನು, ತುಟಿ ಅಲ್ಲಾಡಿಸದೆ.

ಅವಳಿಗೆ ಅಷ್ಟರಲ್ಲಿ ಪೂರಾ ಅರ್ಥವಾಗಿತ್ತು. ದುಡ್ಡು ಕೊಟ್ಟು ಕೊಂಡ ಹಣ್ಣನ್ನು ಕದ್ದವನ ಹಾಗೆ ಮುಚ್ಚಿಕೊಂಡು ಹೋಗುವುದು ಯಾಕೆ ಎಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು? ಆ ಅಂಗಡಿಯಲ್ಲಿ ಎರಡು ವರ್ಷದಿಂದ ಕೆಲಸ ಮಾಡುತ್ತಿದ್ದಾಳೆ, ಒಂದು ದಿನ ಒಂದು ಹೋಳು ಕೊಂಡಿಲ್ಲ. ನೂರು ವರ್ಷ ಬಿಳಿಯರು ನಮ್ಮನ್ನು ಗೇಲಿ ಮಾಡಲು ಆ ಹಣ್ಣಿನ ಜೊತೆಗೇ ಬರೆದರು: ಗೋಡೆಯ ಮೇಲೆ, ಅಂಚೆಕಾರ್ಡಿನ ಮೇಲೆ, ಹಲ್ಲುಪುಡಿಯ ಡಬ್ಬಿಯ ಮೇಲೆ, ಕಿವಿಯಿಂದ ಕಿವಿಯ ತನಕ ಬಾಯಿ, ಬಾಯಿ ತುಂಬ ಕೆಂಪು. ಅಜ್ಜಿಯ ಮನೆಯಲ್ಲಿ ಕಲ್ಲಂಗಡಿ ಕತ್ತರಿಸುವ ಮುಂಚೆ ಅಡುಗೆಮನೆಯ ಪರದೆ ಎಳೆಯುವುದು ಕೈ ತೊಳೆದಷ್ಟೇ ಸಹಜ. "ಹಣ್ಣು ದೇವರು ಕೊಟ್ಟದ್ದು, ಆದರೆ ನೋಡೋ ಕಣ್ಣು ಅವರದು" ಎನ್ನುತ್ತಿದ್ದಳು ಅಜ್ಜಿ, ಬೀಜ ಉಗುಳುತ್ತ. ಕಿಯೋನಾಗೆ ಅದು ಗೊತ್ತಾದದ್ದು ಒಂಬತ್ತನೆಯ ತರಗತಿಯ ಫೆಬ್ರವರಿಯಲ್ಲಿ. ನಮ್ಮವರ ಚರಿತ್ರೆಯ ತಿಂಗಳು ಎಂದು ಶಾಲೆಯ ಊಟದ ಮನೆಯವರು, ಪಾಪ, ಒಳ್ಳೆಯ ಮನಸ್ಸಿನಿಂದಲೇ, ಎಲ್ಲಿಂದಲೋ ಚಳಿಗಾಲದಲ್ಲಿ ಕಲ್ಲಂಗಡಿ ತರಿಸಿ ಬಡಿಸಿದರು. ಇಡೀ ಮೇಜು ಅವಳ ಕಡೆ ತಿರುಗಿತು, ಇವಳು ತಗೊಳ್ಳುತ್ತಾಳಾ ಇಲ್ಲವಾ ಎಂದು. ಅವಳ ಬಾಯಲ್ಲಿ ನೀರೂರಿತ್ತು. "ನನಗೆ ಅಲರ್ಜಿ" ಎಂದುಬಿಟ್ಟಳು. ಶಾಲೆಯ ನರ್ಸ್ ಅದನ್ನು ಬರೆದುಕೊಂಡು ಮನೆಗೆ ಫೋನ್ ಮಾಡಿದಳು. ಅಜ್ಜಿ ಒಂದು ಗಳಿಗೆಯೂ ತಡಮಾಡದೆ, "ಹೌದು ಕಣಮ್ಮಾ, ಬಿಳಿಯವರ ಮಧ್ಯೆ ಕೂತಾಗ ನಮ್ಮ ವಂಶಕ್ಕೇ ಬರುತ್ತೆ ಅದು" ಎಂದಳಂತೆ. ಆಮೇಲೆ ಶಾಲೆ ಬಿಡುವ ತನಕ ಅವಳ ಹೆಸರಿನ ಮುಂದೆ ಆ ಕಾಯಿಲೆ ಇತ್ತು. ಬಿಟ್ಟಮೇಲೂ ಅಲ್ಲಿ ಯಾವುದೋ ಕಡತದಲ್ಲಿ ಇದ್ದೀತು. ಓದಿನ ಗುರುತಾಗಿ ಶಾಲೆಯಲ್ಲಿ ಅವಳು ಬಿಟ್ಟುಬಂದದ್ದು ಅದೊಂದೇ.

ಇಷ್ಟೆಲ್ಲ ಗೊತ್ತಿದ್ದೂ ಅವಳು ಏನು ಮಾಡಿದಳು? ಗುಲಾಬಿ ಗೆರೆ ಎಳೆದು ಬಿಟ್ಟುಬಿಡಬಹುದಿತ್ತು. ಗ್ರೆಗ್ ಗಮ್ಮಿನ ಡಬ್ಬಿಯ ಹಿಂದಿನಿಂದ ಕತ್ತು ಚಾಚಿದ. ಅವಳ ಬಾಯಿ ಅವಳನ್ನು ಕೇಳದೆ, "ಸ್ವಲ್ಪ ಎತ್ತಿ ತೋರಿಸಿ ಸರ್" ಎಂದಿತು. ಮುದುಕ ಒಂದು ಕಟ್ಟು ಎತ್ತಿದ, ಇನ್ನೊಂದು ಕಟ್ಟು ಎತ್ತಿದ, ಕಾಲೊರೆಸನ್ನು ಮಡಿಸಿದ. ಅದರ ಕೆಳಗೆ ಕಲ್ಲಂಗಡಿ, ಜೋಲಿಯಲ್ಲಿ ಮಲಗಿಸಿದ ಕೂಸಿನ ಹಾಗೆ. ಹಿಂದಿನ ಗಾಡಿಯಲ್ಲಿ ಕೂತಿದ್ದ ಒಂದು ಪುಟ್ಟ ಬಿಳಿಯ ಹುಡುಗಿ ಸಂತೋಷದಿಂದ, "ಅಮ್ಮಾ! ಕಲ್ಲಂಗಡಿ!" ಎಂದು ಕಿರುಚಿತು. ಅದರ ತಾಯಿ ಕಿವಿಯ ತನಕ ಕೆಂಪಾಗಿ "ಶ್!" ಎಂದಳು. ಮಗುವಿನ ಕೂಗಾದರೂ ಪರವಾಗಿಲ್ಲ. ಆ "ಶ್" ಇತ್ತಲ್ಲ, ಅದನ್ನು ಕಿಯೋನಾ ಎರಡು ಬಸ್ಸಿನ ಉದ್ದಕ್ಕೂ ಮನೆಯ ತನಕ ಹೊತ್ತು ತಂದಳು. ಗೆರೆ ಎಳೆದದ್ದು ಎಡಗೈಯಲ್ಲಿ. ಅವಳು ಎಡಚಿ.

ಈಗ ಆ ಎಡಗೈ ಬೆನ್ನ ಹಿಂದೆ ಇತ್ತು. ಗಾಯಕರು ಎದ್ದರು, ಕೂತರು. ಪಾದ್ರಿ ವಿಟ್‌ಫೀಲ್ಡ್ ಬೆವರು ಒರೆಸಿಕೊಂಡರು. ಕಾಣಿಕೆಯ ತಟ್ಟೆ ಹೋಯಿತು, ಬಂತು. ಸೆಕೆಗೆ ಬೀಸಣಿಗೆ ಹಂಚುವುದೂ ಅವಳದೇ ಕೆಲಸ. ಒಂದು ಬದಿಯಲ್ಲಿ ಏಸುವಿನ ಚಿತ್ರ, ಇನ್ನೊಂದು ಬದಿಯಲ್ಲಿ ಶವ ಸಂಸ್ಕಾರದ ಕಂಪನಿಯ ಮಾಲೀಕನ ನಗುಮುಖ. ಮೂರನೆಯ ಸಾಲಿಗೆ ಹೋದಾಗ ಒಂದನ್ನು ತನ್ನ ಮುಖಕ್ಕೇ ಅಡ್ಡ ಹಿಡಿದುಕೊಂಡು, ಉಳಿದವನ್ನು ಕುರುಡಿಯ ಹಾಗೆ ಚಾಚಿದಳು. ಎದುರಿನಿಂದ ಅಜ್ಜಿ ಹುಬ್ಬು ಗಂಟಿಕ್ಕಿದಳು. ಆ ಗಂಟಿಗೆ ಸನ್ನೆಯ ಪಟ್ಟಿಯಲ್ಲಿ ಅರ್ಥವಿರಲಿಲ್ಲ, ಮನೆಯಲ್ಲಿ ಇತ್ತು. ಇನ್ನು ಹದಿನೈದು ನಿಮಿಷ ಎಂದು ಕಿಯೋನಾ ಲೆಕ್ಕ ಹಾಕಿದಳು. ಆರಾಧನೆಯ ಹಾಳೆಯ ಪ್ರಕಾರ ಉಳಿದದ್ದು ಎರಡೇ: ಹೊಸಬರ ಪರಿಚಯ, ಆಮೇಲೆ ಬಿಲ್ಲೆ. ಹೊಸಬರ ಪರಿಚಯ! ಆರು ತಿಂಗಳಲ್ಲಿ ಹೊಸಬರು ಬಂದದ್ದೇ ನಾಲ್ಕು ಸಲ. ಅವರು ಎದ್ದು ನಿಂತು ಹೆಸರು, ಊರು, ದೇವರು ತಮಗೆ ಈ ವಾರ ಮಾಡಿದ ಉಪಕಾರ ಹೇಳಬೇಕು. ಮೈಕನ್ನು ಅವರ ಬಾಯಿಯ ಮುಂದೆ ಹಿಡಿದು ನಿಲ್ಲಬೇಕಾದವಳು ಆ ಕಡೆಯ ಬಾಗಿಲ ಸೇವಕಿ.

"ನಮ್ಮ ನಡುವೆ ಇವತ್ತು ಹೊಸಬರು ಯಾರಾದರೂ?" ಎಂದರು ಪಾದ್ರಿ, ಸೀದಾ ನೀಲಿ ಗರಿಯನ್ನೇ ನೋಡುತ್ತ.

ಮದರ್ ಅರ್ನೆಸ್ಟೀನ್ ಅವನ ಪಕ್ಕೆಗೆ ಮೊಣಕೈಯಿಂದ ತಿವಿದಳು. ಅವನು ಎದ್ದ. ಕಿಯೋನಾ ಮೈಕು ಹಿಡಿದು ಹೋಗಿ ಅವನ ಪಕ್ಕ ನಿಂತಳು. ಮೈಕಿಗೆ ಅವಳ ಉಸಿರು ಕೇಳಿಸಿ, ಇಡೀ ಚರ್ಚಿನಲ್ಲಿ ಯಾರೋ ದಮ್ಮಿನವರು ಮಲಗಿದ ಹಾಗೆ ಸದ್ದಾಯಿತು. ಅವಳು ಉಸಿರು ಕಟ್ಟಿದಳು.

"ದೇವರಿಗೆ ಸ್ತೋತ್ರ. ನಾನು ಲೂಷಿಯಸ್ ಟಾಲಿವರ್. ಸೇಂಟ್ ಲೂಯಿಸ್‌ನಲ್ಲಿ ಮೂವತ್ತಾರು ವರ್ಷ ಬಸ್ ಓಡಿಸಿದವನು. ಹೆಂಡತಿ ಹೋದ ಮೇಲೆ ಮಗಳು ಇಲ್ಲಿಗೆ ಕರ್ಕೊಂಡು ಬಂದಿದಾಳೆ. ದೊಡ್ಡ ಮನೆ, ದೊಡ್ಡ ಬೀದಿ. ಆ ಬೀದೀಲಿ ನಾಯಿಗಳೂ ನನ್ನ ನೋಡಿ, 'ಯಾರ ಮನೆಗೆ ಬಂದ್ರಿ' ಅಂತ ಕೇಳ್ತಾವೆ."

"ಹೇಳಪ್ಪಾ!" ಎಂದು ಹಿಂದಿನ ಸಾಲಿನಿಂದ ಯಾರೋ ಕೂಗಿದರು.

"ನಿನ್ನೆ, ಒಂಬತ್ತು ತಿಂಗಳಾದ ಮೇಲೆ, ನನಗೆ ಏನೋ ತಿನ್ನಬೇಕು ಅನ್ನಿಸ್ತು. ಹೆಂಡತಿ ಹೋದಾಗಿಂದ ಬಾಯಿಗೆ ಏನೂ ಬೇಕಿರ್ಲಿಲ್ಲ. ನಿನ್ನೆ ಬೇಕು ಅನ್ನಿಸ್ತು. ಏನು ಅಂತೀರಿ? ಕಲ್ಲಂಗಡಿ."

"ಅಯ್ಯೋ ದೇವರೇ," ಎಂದಳು ಮದರ್ ಅರ್ನೆಸ್ಟೀನ್, ಮುಂದಿನದು ಗೊತ್ತಿದ್ದವಳ ಹಾಗೆ.

"ಅಂಗಡಿಗೆ ಹೋದೆ. ಸುತ್ತ ನೋಡಿದೆ. ನಮ್ಮವರಲ್ಲಿ ನಾನೊಬ್ಬನೇ."

"ನಿಧಾನವಾಗಿ ಹೇಳು ಬ್ರದರ್!"

"ಒಂದು ಹಣ್ಣು ಆರಿಸಿದೆ. ತಟ್ಟಿ ನೋಡ್ಲಿಲ್ಲ, ತಟ್ಟಿದರೆ ಸದ್ದಾಗುತ್ತಲ್ಲ. ಟಾಯ್ಲೆಟ್ ಕಾಗದ ಎರಡು ಕಟ್ಟು ತಗೊಂಡೆ, ನನಗೆ ಬೇಕಿರ್ಲಿಲ್ಲ, ಹಣ್ಣಿಗೆ ಹೊದಿಕೆ ಬೇಕಿತ್ತು. ದುಡ್ಡು ಕೊಟ್ಟೆ. ಬಾಗಿಲ ತನಕ ಬಂದೆ. ಎಪ್ಪತ್ತೊಂದು ವರ್ಷದ ಗಂಡಸು, ದುಡ್ಡು ಕೊಟ್ಟ ಹಣ್ಣನ್ನ ಕಳ್ಳಬಸಿರಿನ ಹಾಗೆ ಮುಚ್ಚಿಕೊಂಡು!"

ಚರ್ಚು ನಕ್ಕಿತು, ನರಳಿತು, ಕಾಲಿನಿಂದ ನೆಲ ತಟ್ಟಿತು. ಆ ನಗುವಿನಲ್ಲಿ ಅರ್ಧ ಜನ ತಮ್ಮ ತಮ್ಮ ಹಣ್ಣನ್ನು ನೆನೆಸಿಕೊಳ್ಳುತ್ತಿದ್ದರು ಎಂದು ಕಿಯೋನಾಗೆ ಕಂಡಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಅವಳ ಕೈ ಬಿಲ್ಲೆ ಬರಬೇಕಾದ ಎದೆಯ ಕಡೆ ಹೋಗಿತ್ತು. ಕಾಯಿ ಬೇರೆ, ಕಳ್ಳತನ ಬೇರೆ, ಕೈ ಮಾತ್ರ ಅದೇ. ಅಜ್ಜಿಯ ಕಡೆ ನೋಡಿದಳು. ಹೊಸಬರು ಎರಡು ನಿಮಿಷ ಮೀರಿದರೆ ಮುಖ್ಯಸ್ಥೆ ಮಣಿಕಟ್ಟು ತಟ್ಟಬೇಕು. ತಟ್ಟಿದರೆ ಮೈಕು ಎಳೆದುಕೊಳ್ಳಬಹುದು. ತಟ್ಟು ಅಜ್ಜಿ, ತಟ್ಟು. ಅಜ್ಜಿ ಕಣ್ಣೀರು ಬರುವಂತೆ ನಗುತ್ತಿದ್ದಳು, ಮೂವತ್ತೊಂದು ವರ್ಷದ ಸೇವೆಯಲ್ಲಿ ಮೊದಲ ಸಲ.

"ಅಲ್ಲಿ ಬಾಗಿಲಲ್ಲಿ," ಎಂದ ಟಾಲಿವರ್, ಮತ್ತು ನಿಲ್ಲಿಸಿದ. ಮೈಕು ಹಿಡಿದ ಬಿಳಿಯ ಕೈಗವಸನ್ನು ನೋಡಿದ. ಅಲ್ಲಿಂದ ಅವನ ಕಣ್ಣು ತೋಳು ಹತ್ತಿ ಅವಳ ಮುಖಕ್ಕೆ ಬಂತು, ಅಲ್ಲೇ ಕೂತಿತು. ಅವನು ಬಸ್ ಓಡಿಸಿದವನು, ಕನ್ನಡಿಯಲ್ಲಿ ಮೂವತ್ತಾರು ವರ್ಷ ಮುಖ ನೋಡಿದವನು. ಕಿಯೋನಾ ಕಣ್ಣು ಮುಚ್ಚಿದಳು. ಹಿಂದಿನಿಂದ "ಬಾಗಿಲಲ್ಲಿ ಯಾರಪ್ಪಾ? ಹೇಳು!" ಎಂದರು.

"ಬಾಗಿಲಲ್ಲಿ ಒಬ್ಬ ಬಿಳಿ ಹುಡುಗ ನಿಂತಿದ್ದ. ಮೂಗಿನ ಮೇಲೆ ಇಷ್ಟು ದಪ್ಪ ಮೊಡವೆ."

ಮುಂದೆ ಅವನು ಹೇಳಿದ್ದೆಲ್ಲ ಅವಳಿಗೆ ಕೇಳಿಸಿದ್ದು ನೀರಿನೊಳಗಿನಿಂದ. ಬಿಳಿ ಹುಡುಗ ಬಿಲ್ ಇಸಿದುಕೊಂಡ, ಬಿಳಿ ಹುಡುಗ ಎತ್ತಿ ತೋರಿಸು ಎಂದ, ಎಲ್ಲ ಅವಳ ಮಾತೇ, ಒಂದಕ್ಷರ ತಪ್ಪಿಲ್ಲ, ಆ ಮೊಡವೆಯ ಬಾಯಿಂದ ಬರುತ್ತಿತ್ತು. ಚರ್ಚು ಆ ಹುಡುಗನನ್ನು ಚೆನ್ನಾಗಿ ಬಲ್ಲದು. ಎಲ್ಲರೂ ಅವನನ್ನು ಎಲ್ಲೋ ಒಂದು ಬಾಗಿಲಲ್ಲಿ ಕಂಡಿದ್ದರು. "ಅವನೇ, ಅವನೇ!" ಎಂದು ಒಬ್ಬ ಹೆಂಗಸು ಎದ್ದೇ ನಿಂತಳು. ಕಿಯೋನಾ, ಬದುಕಿದೆ ಎಂದುಕೊಂಡಳು. ಅದರ ಬೆನ್ನಿಗೇ, ಬೇಡವೆಂದರೂ, ಒಂದು ಸಣ್ಣ ಸಿಟ್ಟು ಬಂತು. ಅಂಗಡಿ ಅವರದು, ಪೆನ್ನು ಅವರದು, ಆ ಬಡಾವಣೆಯ ಹುಲ್ಲೂ ಅವರದು. ತನ್ನದು ಅಂತ ಇದ್ದದ್ದು ಆ ಒಂದು ತಪ್ಪು. ಅದನ್ನೂ ಈ ಮುದುಕ ಎತ್ತಿ ಒಬ್ಬ ಬಿಳಿ ಹುಡುಗನಿಗೆ ಕೊಟ್ಟುಬಿಟ್ಟನಲ್ಲ!

"ಆ ಹಣ್ಣು ಈಗ ಎಲ್ಲಿದೆ ಬ್ರದರ್?" ಎಂದು ಕೇಳಿದರು ಪಾದ್ರಿ, ಕಣ್ಣೊರೆಸಿಕೊಳ್ಳುತ್ತ.

"ಕಾರಲ್ಲಿದೆ ಪಾಸ್ಟರ್. ಸೀಟ್ ಬೆಲ್ಟ್ ಹಾಕಿ ಕೂರಿಸಿದೀನಿ. ಮಗಳು, 'ಅಪ್ಪಾ, ಮುಂದೆ ಬೇಡ, ಹಿತ್ತಲಲ್ಲಿ ತಿನ್ನು' ಅಂದ್ಲು. ಹಿತ್ತಲಿಗೆ ಹೋದ್ರೆ ಪಕ್ಕದ ಮನೆಯವರ ಔತಣ. ನನ್ನ ಹಣ್ಣಿಗೆ ಈ ಊರಲ್ಲಿ ಜಾಗ ಇಲ್ಲ ಅಂತ ದೇವರ ಮನೆಗೇ ತಂದೆ."

"ಆಮೆನ್!" ಎಂದು ಎಲ್ಲರಿಗಿಂತ ಜೋರಾಗಿ ಕೂಗಿದವಳು ವರ್ನೆಲ್ಲಾ ಪ್ರುಯಿಟ್.

ಬಿಲ್ಲೆಯೂ ಆಯಿತು. ಪಾದ್ರಿ ಹೆಸರು ಕರೆದರು, ಅಜ್ಜಿ ಪಿನ್ನು ಚುಚ್ಚಿದಳು, ಆನಂದಕ್ಕೆ ಕೈ ಅಲ್ಲಾಡಿ ಬಿಲ್ಲೆ ವಾರೆಯಾಗಿ ಕೂತಿತು. "ನಂಬಿಗಸ್ತ ಸೇವಕಿ" ಎಂದು ಅದರ ಮೇಲೆ ಕೆತ್ತಿತ್ತು. ಜನ ಚಪ್ಪಾಳೆ ತಟ್ಟಿದರು. ಮೂರನೆಯ ಸಾಲಿನಲ್ಲಿ ಟಾಲಿವರ್ ಎಲ್ಲರಿಗಿಂತ ಒಂದು ಚಪ್ಪಾಳೆ ಹೆಚ್ಚಿಗೆ ತಟ್ಟಿದ ಹಾಗೆ ಅವಳಿಗೆ ಕೇಳಿಸಿತು. ಅದು ಮೆಚ್ಚುಗೆಯೋ ಗುಲಾಬಿ ಗೆರೆಯೋ ಗೊತ್ತಾಗಲಿಲ್ಲ.

ಊಟ ನೆಲಮಾಳಿಗೆಯಲ್ಲಿ. ಹುರಿದ ಕೋಳಿ, ಬೇಯಿಸಿದ ಸೊಪ್ಪು, ಚೀಸ್ ಹಾಕಿದ ಮ್ಯಾಕರೋನಿ, ನಡುಮೇಜಿನಲ್ಲಿ ಆ ಕಲ್ಲಂಗಡಿ, ಮದುವೆ ಹೆಣ್ಣಿನ ಹಾಗೆ. ಮೇಲೆ ಅಷ್ಟು ಜೋರಾಗಿ ಆಮೆನ್ ಅಂದಿದ್ದ ಅಜ್ಜಿ, ಚಾಕು ಹಾಕುವ ಮುಂಚೆ ಹೋಗಿ ಕಿಟಕಿಯ ಪರದೆ ಎಳೆದು ಬಂದಳು. ಆ ಕಿಟಕಿ ಇದ್ದದ್ದು ಸೂರಿನ ಹತ್ತಿರ; ಅದರಲ್ಲಿ ಕಾಣುತ್ತಿದ್ದದ್ದು ಬೀದಿಯಲ್ಲಿ ಹೋಗುವವರ ಕಾಲು ಮಾತ್ರ. ಯಾರೂ ನಗಲಿಲ್ಲ. ಯಾರಿಗೂ ಅದು ಕಂಡ ಹಾಗೇ ಇರಲಿಲ್ಲ. ಟಾಲಿವರ್ ತಾನೇ ಹೋಳು ಮಾಡಿ ಹಂಚಿದ, ಒಬ್ಬೊಬ್ಬರಿಗೂ ಕೊಡುವಾಗ ಬಸ್ಸಿನ ಟಿಕೆಟ್ ಕೊಟ್ಟ ಹಾಗೆ, "ಮುಂದೆ ಹೋಗಿ, ಮುಂದೆ ಹೋಗಿ" ಎನ್ನುತ್ತ. ಕಿಯೋನಾಳ ಮುಂದೆಯೂ ತಟ್ಟೆ ಹಿಡಿದ.

"ನನಗೆ ಅಲರ್ಜಿ," ಎಂದಳು ಅವಳು. ಅಂದಮೇಲೆ ತನಗೇ ಗಾಬರಿಯಾಯಿತು. ಹನ್ನೊಂದು ಗಂಟೆಯಿಂದ ಅವಳು ಆಡಿದ ಮೊದಲ ಮಾತು ಅದು.

ಟಾಲಿವರ್ ಒಂದು ಹುಬ್ಬು ಏರಿಸಿದ. "ಅದು ಇಲ್ಲೂ ಬರುತ್ತಾ?" ಎಂದು ಮುಂದೆ ಹೋದ.

ಅವಳು ಮೇಲೆ ಬಂದು ತನ್ನ ಬಾಗಿಲಲ್ಲಿ ನಿಂತಳು. ಕೊನೆಯವರು ಹೋಗುವ ತನಕ ನಿಲ್ಲುವುದು ಸೇವೆಯ ನಿಯಮ. ಎದುರಿನ ಬಾಗಿಲ ರೆಕ್ಕೆಯ ಹತ್ತಿರ ಅಜ್ಜಿ ನಿಂತಳು. ಜನ ಮೆಟ್ಟಿಲು ಹತ್ತಿ ಬಂದು, ಬಿಲ್ಲೆ ಮುಟ್ಟಿ, ಕೆನ್ನೆ ಹಿಂಡಿ ಹೋದರು. ಮದರ್ ಅರ್ನೆಸ್ಟೀನ್ ಬಂದಳು. ಬರುವಾಗ ಖಾಲಿ ಇದ್ದ ಕೈಚೀಲ ಈಗ ಬಸುರಿಯಾಗಿತ್ತು. ಅದರ ಬಾಯಲ್ಲಿ ಬೆಳ್ಳಿ ಹಾಳೆ ಮಿನುಗುತ್ತಿತ್ತು, ಕೋಳಿಯ ವಾಸನೆ ಅವಳಿಗಿಂತ ಎರಡು ಹೆಜ್ಜೆ ಮುಂದೆ ನಡೆಯುತ್ತಿತ್ತು. ಇಪ್ಪತ್ತು ವರ್ಷದಿಂದ ಅವಳು ಪ್ರತಿ ಭಾನುವಾರ ಹೀಗೆ ಒಯ್ಯುತ್ತಾಳೆ, ಇಪ್ಪತ್ತು ವರ್ಷದಿಂದ ಚರ್ಚು ಅದನ್ನು ನೋಡುವುದಿಲ್ಲ. ಕಿಯೋನಾ ಛಾವಣಿಯ ಫ್ಯಾನನ್ನು ನೋಡಿದಳು. ಅಂಗೈ ಬಿಚ್ಚಿದಳು. ಮದರ್ ಅರ್ನೆಸ್ಟೀನ್ ಹೊರಗಿನ ಮೆಟ್ಟಿಲು ಇಳಿಯತೊಡಗಿದಳು.

ಹಿಂದೆಯೇ ನೀಲಿ ಗರಿ. ಅವನು ಹೊರಗೆ ಹೋಗಲಿಲ್ಲ. ಅವಳ ಮುಂದೆ ನಿಂತು, ಕೋಟಿನ ಜೇಬಿನಿಂದ ಆರಾಧನೆಯ ಹಾಳೆ ತೆಗೆದು, ನೀಟಾಗಿ ಬಿಚ್ಚಿ, ಅವಳ ಕೈಗೆ ಚಾಚಿದ.

"ನೋಡ್ಕೊಳಮ್ಮಾ. ಒಳಗಿಂದ ಏನೂ ತಗೊಂಡಿಲ್ಲ. ಹಾಡು ನಾಲ್ಕು, ಪಾದ್ರಿಯವರ ಪ್ರಸಂಗ ಒಂದು."

ಅವಳು ಹಾಳೆಯನ್ನು ಮಡಿಸಿ ಅವನಿಗೇ ವಾಪಸು ಕೊಟ್ಟಳು. "ಬಿಳಿ ಹುಡುಗ ಅಂತ ಯಾಕೆ ಹೇಳಿದ್ರಿ?" ಎಂದಳು, ತುಟಿ ಅಲ್ಲಾಡಿಸದೆ.

"ನಮ್ಮ ಹುಡುಗಿ ಅಂದಿದ್ರೆ ಯಾರೂ ನಗ್ತಿರಲಿಲ್ಲ ಮಗಳೇ. ಕಥೆ ಅಲ್ಲೇ ಸತ್ತುಹೋಗ್ತಿತ್ತು." ಅವನು ಟೋಪಿ ಸರಿಮಾಡಿಕೊಂಡ. "ನನಗೂ ನಗಬೇಕಾಗಿತ್ತು."

ಆಮೇಲೆ ಹೊರಗೆ ಮೆಟ್ಟಿಲ ಮೇಲೆ ಒಂದೊಂದೇ ಕಾಲಿಡುತ್ತಿದ್ದ ಕೈಚೀಲದ ಕಡೆ ಗದ್ದ ಎತ್ತಿ ತೋರಿಸಿದ. "ನಿನ್ನೆ ನೀನು ನನ್ನ ಮುಂದೆ ಹೋದವಳನ್ನೂ ಬಿಟ್ಟೆ. ಇವತ್ತು ನನ್ನ ಮುಂದೆ ಹೋದವಳನ್ನೂ ಬಿಟ್ಟೆ. ನನ್ನ ನಸೀಬು ನೋಡು."

ಸೇವಕಿ ತನ್ನ ಜಾಗ ಬಿಟ್ಟು ಕದಲಬಾರದು. ಕಿಯೋನಾ ಕದಲಿದಳು. ಬೆನ್ನ ಹಿಂದಿನಿಂದ ಎಡಗೈ ಹೊರಗೆ ಬಂದು, ಮೆಟ್ಟಿಲ ಮೇಲಿನ ಬೆನ್ನಿನ ಕಡೆ ಚಾಚಿತು. "ಮದರ್! ಸ್ವಲ್ಪ ನಿಲ್ಲಿ. ಚೀಲ ನೋಡಬಹುದಾ?"

ಬೀದಿಯಲ್ಲಿ ಕಾರಿನ ಬಾಗಿಲು ತೆಗೆಯುತ್ತಿದ್ದವರು ಹಾಗೇ ನಿಂತರು. ಮದರ್ ಅರ್ನೆಸ್ಟೀನ್ ನಿಧಾನವಾಗಿ ತಿರುಗಿದಳು. ಅವಳ ಟೋಪಿಯ ಹೂವುಗಳು ಆಮೇಲೆ ತಿರುಗಿದವು. "ಏನಂದೆ ಕೂಸೇ? ನನ್ನ ಚೀಲಾನಾ? ನಿನ್ನ ಅಮ್ಮನ್ನ ತೊಟ್ಟಿಲಿಗೆ ಹಾಕಿದ ಕೈ ಇದು!"

"ಎಲ್ಲರದ್ದೂ ನೋಡಬೇಕು ಮದರ್."

ಮುದುಕಿ ಅವಳನ್ನು ನೋಡಿದಳು, ಬಿಲ್ಲೆಯನ್ನು ನೋಡಿದಳು, ಸಾಕ್ಷಿಗೆ ಟಾಲಿವರನ್ನು ನೋಡಿದಳು. ಚೀಲದ ಬಾಯಿ ಬಿಚ್ಚಿದಳು. ಕಿಯೋನಾ ಬಿಳಿಯ ಕೈಗವಸನ್ನು ಒಳಗೆ ಬಿಟ್ಟು ಎಣಿಸಿದಳು: ಕೋಳಿಯ ಕಾಲು ಆರು, ಬ್ರೆಡ್ಡು ನಾಲ್ಕು, ಕಲ್ಲಂಗಡಿ ಐದು ಹೋಳು.

"ಏಳು," ಎಂದಳು ಮದರ್ ಅರ್ನೆಸ್ಟೀನ್ ತಾತ್ಸಾರದಿಂದ. "ಪಕ್ಕದ ಖಾನೇಲಿ ಇನ್ನೆರಡಿದೆ. ಎಣಿಸೋಕೂ ಬರಲ್ಲ, ಬಾಗಿಲು ಕಾಯ್ತಾಳಂತೆ."

ಕೈ ಹೊರಗೆ ತೆಗೆದಾಗ ಕೈಗವಸಿನ ಐದೂ ಬೆರಳು ಗುಲಾಬಿಯಾಗಿದ್ದವು. ತಲೆಯೆತ್ತಿದರೆ ಅಜ್ಜಿ. ಮೂವತ್ತೊಂದು ವರ್ಷದಲ್ಲಿ ಅವಳೂ ಮೊದಲ ಸಲ ಜಾಗ ಬಿಟ್ಟು ಬಂದಿದ್ದಳು, ನಗು ಇಲ್ಲದ ಮುಖದಲ್ಲಿ. "ಏನಿದು ಕಿಯೋನಾ? ಮದರ್ ಚೀಲಕ್ಕೆ ಕೈ ಹಾಕೋದನ್ನ ಯಾರು ಕಲಿಸಿದ್ರು ನಿಂಗೆ?"

ಟಾಲಿವರ್ ಏನೋ ಹೇಳಲು ಬಾಯಿ ತೆರೆದ, ಮತ್ತೊಂದು ಕಥೆ ಅವನ ಹತ್ತಿರ ಸಿದ್ಧವಾಗಿತ್ತು ಎಂದು ಕಾಣುತ್ತದೆ. ಕಿಯೋನಾ ಮುಷ್ಟಿಯನ್ನು ಎದೆಗೆ ಒತ್ತಿ ಅವನನ್ನು ತಡೆದಳು.

"ಅಜ್ಜಿ," ಎಂದಳು. "ಆ ಬಿಳಿ ಹುಡುಗ ನಾನೇ."

ವರ್ನೆಲ್ಲಾ ಪ್ರುಯಿಟ್ ಮೊಮ್ಮಗಳ ಮೂಗನ್ನು ನೋಡಿದಳು, ಮೊಡವೆ ಹುಡುಕುವವಳ ಹಾಗೆ. ಆಮೇಲೆ ಕೆಂಪಾದ ಬೆರಳುಗಳನ್ನು ನೋಡಿದಳು. ಮುದುಕನ ಗರಿಯನ್ನು ನೋಡಿದಳು. ಅವಳ ಮುಖದಲ್ಲಿ ಬೆಳಿಗ್ಗೆಯ ನಗು ಒಂದೊಂದೇ ಮೆಟ್ಟಿಲು ಹಿಂದಕ್ಕೆ ಇಳಿದು ಹೋದದ್ದು ಕಿಯೋನಾಗೆ ಕಂಡಿತು. ಅಜ್ಜಿಯ ಕೈ ಮೇಲಕ್ಕೆ ಬಂತು. ಬಿಲ್ಲೆಯ ಪಿನ್ನಿಗೆ ಹೋಯಿತು. ಬಿಚ್ಚಿತು. ಕಿಯೋನಾಳ ಎದೆಯ ಮೇಲೆ ಆ ತೂಕ ಇಲ್ಲದ ಒಂದು ಗಳಿಗೆ. ಎರಡು. ಅಜ್ಜಿ ಬಿಲ್ಲೆಯನ್ನು ತನ್ನ ತೋಳಿಗೆ ಉಜ್ಜಿ ಒರೆಸಿದಳು, ವಾರೆಯಾಗಿದ್ದದ್ದನ್ನು ನೇರ ಮಾಡಿ ಮತ್ತೆ ಚುಚ್ಚಿದಳು, ಈ ಸಲ ಬೇಕೆಂದೇ ಸ್ವಲ್ಪ ಚರ್ಮಕ್ಕೂ ತಾಗುವ ಹಾಗೆ.

"ಮನೆಗೆ ನಡಿ, ಅಲ್ಲಿ ನೋಡ್ಕೋತೀನಿ," ಎಂದಳು. "ಈಗ ಮುಂದೆ ನೋಡು. ಬಾಗಿಲಲ್ಲಿ ಜನ ನಿಂತಿದಾರೆ."

ಮದರ್ ಅರ್ನೆಸ್ಟೀನ್ ಚೀಲದೊಳಗೆ ಕೈ ಹಾಕಿ ಒಂದು ಹೋಳು ತೆಗೆದು, ಅವಳ ಗುಲಾಬಿ ಕೈಗೆ ಇಟ್ಟಳು. "ಆರು," ಎಂದಳು. "ಬರ್ಕೋ."

ನಡುಬೀದಿಯ ಬಿಸಿಲಿನಲ್ಲಿ, ಪರದೆಯಿಲ್ಲದ ಬಾಗಿಲಲ್ಲಿ, ಕಿಯೋನಾ ಅದನ್ನು ಕಚ್ಚಿದಳು. ಒಂದು ಬಸ್ಸು ನಿಧಾನವಾಗಿ ಹಾದುಹೋಯಿತು, ಅದರ ಕಿಟಕಿಗಳಲ್ಲಿ ಒಂದಿಷ್ಟು ಮುಖಗಳಿದ್ದವು. ಟಾಲಿವರ್ ಬಸ್ಸಿಗೆ ಟೋಪಿ ಎತ್ತಿದ. ಅವಳು ಬೀಜವನ್ನು ಎಲ್ಲಿ ಉಗುಳುವುದು ಎಂದು ತಿಳಿಯದೆ, ಸನ್ನೆಯ ಪಟ್ಟಿಯಲ್ಲಿ ಅದಕ್ಕೇನೂ ಇರಲಿಲ್ಲವಾದ್ದರಿಂದ, ಬಾಯಲ್ಲೇ ಇಟ್ಟುಕೊಂಡು, ಎಡಗೈಯನ್ನು ಬೆನ್ನ ಹಿಂದೆ ಮಡಿಸಿ ನಿಂತಳು.